ಒಂದು ಆಪ್, ಇಬ್ಬರು ಯಜಮಾನರು

2020ನೆಯ ಇಸವಿ ಜೂನ್ 18ರಂದು ಲಂಡನ್ನಿನಲ್ಲಿ ಬ್ರಿಟಿಷ್ ಸರ್ಕಾರ ಎರಡು ಅಂಕಿಗಳನ್ನು ಜನರ ಮುಂದಿಟ್ಟಿತು. ಒಂದು 75, ಇನ್ನೊಂದು 4. ಕೋವಿಡ್ ಸೋಂಕಿನವರ ಸನಿಹ ಯಾರು ಯಾರು ಸುಳಿದಿದ್ದರೆಂಬುದನ್ನು ಪತ್ತೆಹಚ್ಚಲು ಆ ಸರ್ಕಾರ ಕಟ್ಟಿಸಿದ್ದ ಮೊಬೈಲ್ ಆಪ್, ಹತ್ತಿರವಿದ್ದ ಆಂಡ್ರಾಯ್ಡ್ ಫೋನುಗಳಲ್ಲಿ ನೂರಕ್ಕೆ 75ನ್ನು ಗುರುತಿಸುತ್ತಿತ್ತು. ಐಫೋನುಗಳಲ್ಲಾದರೋ ನೂರಕ್ಕೆ 4ನ್ನು ಮಾತ್ರ. ಒಂದೇ ಆಪ್, ಒಂದೇ ಉದ್ದೇಶ, ಒಂದೇ ಲೆಕ್ಕಾಚಾರ. ಆದರೂ ಒಂದು ಬಗೆಯ ಫೋನಿನಲ್ಲಿ ಅದು ಎಚ್ಚರದ ಕಾವಲುಗಾರ. ಮತ್ತೊಂದು ಬಗೆಯ ಫೋನಿನಲ್ಲಿ ಗೊರಕೆ ಹೊಡೆಯುವ ಕಾವಲುಗಾರ.

ಬ್ರಿಟನ್ನಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಕೈಯಲ್ಲಿರುವುದು ಐಫೋನು. ಅರ್ಧ ರಾಷ್ಟ್ರವೇ ಕಾಣಿಸದಂಥ ಆಪನ್ನಿಟ್ಟುಕೊಂಡು ಸಾಂಕ್ರಾಮಿಕವನ್ನು ತಡೆಯುವುದೆಂತು? 1 ಕೋಟಿ ಪೌಂಡಿಗೂ ಮಿಕ್ಕಿ ವೆಚ್ಚಮಾಡಿ, ಹಗಲಿರುಳೆನ್ನದೆ ಕಟ್ಟಿದ್ದ ಆ ಆಪನ್ನು ಅಂದೇ ಕೈಬಿಡಲಾಯಿತು.

ಕಟ್ಟಿದವರು ಅಸಮರ್ಥರಾಗಿದ್ದರೆ ಈ ಪ್ರಸಂಗದಲ್ಲಿ ಹೇಳುವಂಥದೇನೂ ಇರುತ್ತಿರಲಿಲ್ಲ. ಅವರು ಸಮರ್ಥರೇ ಆಗಿದ್ದರು. ತೊಡಕು ಇದ್ದುದು ಬೇರೆಡೆ. ಬ್ಯಾಂಕಿನ ಆಪ್ ಆಗಲಿ, ಆಟೋ ಕರೆಯುವ ಆಪ್ ಆಗಲಿ, ಮನೆಬಾಗಿಲಿಗೆ ತರಕಾರಿ ತರಿಸುವ ಆಪ್ ಆಗಲಿ, ಇಂದು ಕೋಟ್ಯಂತರ ಜನರಿಗಾಗಿ ಕಟ್ಟುವ ಯಾವುದೇ ಆಪ್ ಇಬ್ಬರು ಯಜಮಾನರ ಮನೆಯಲ್ಲಿ ಏಕಕಾಲಕ್ಕೆ ಊಳಿಗ ಮಾಡಬೇಕು. ಐಫೋನಿನ ಯಜಮಾನ ಆಪಲ್. ಆಂಡ್ರಾಯ್ಡಿನ ಯಜಮಾನ ಗೂಗಲ್. ಇಬ್ಬರ ಮಾತೂ ಬೇರೆ, ಮನೆಯ ರೀತಿನೀತಿಯೂ ಬೇರೆ. ಸಾಮಾನ್ಯ ದಿನಗಳಲ್ಲಿ ಈ ಊಳಿಗದ ಕಷ್ಟ ಬಳಸುವವರ ಕಣ್ಣಿಗೆ ಬೀಳುವುದಿಲ್ಲ. ಆಪ್ ನಿಧಾನವಾದರೆ ಜನ ಗೊಣಗುತ್ತಾರೆ, ಸುಮ್ಮನಾಗುತ್ತಾರೆ. ಪ್ರಾಣವೇ ಪಣಕ್ಕೆ ಬಿದ್ದ ಆ ವರ್ಷ ಮಾತ್ರ ಎಂಜಿನಿಯರುಗಳ ಕೋಣೆಯೊಳಗಿನ ಈ ಸಂಕಟ ಮಂತ್ರಿಗಳ ಬಾಯಿಗೂ ಪತ್ರಿಕೆಗಳ ಮುಖಪುಟಕ್ಕೂ ಬಂತು.

ಫೋನುಗಳ ಪಿಸುಮಾತು

ಸೋಂಕು ಹಿಡಿದವರು ಯಾರು ಯಾರನ್ನು ಕಂಡಿದ್ದರೆಂದು ವಿಚಾರಿಸಿ, ಅವರನ್ನು ಕೆಲವು ದಿನ ಮನೆಯೊಳಗಿರಿಸುವುದು ವೈದ್ಯಲೋಕದ ಹಳೆಯ ವಿದ್ಯೆ. ಆರೋಗ್ಯ ಇಲಾಖೆಯವರು ಪುಸ್ತಕ ಹಿಡಿದು ಮನೆಮನೆಗೆ ಬಂದು ಕೇಳುತ್ತಾರೆ: ಮೊನ್ನೆ ಎಲ್ಲಿಗೆ ಹೋಗಿದ್ದಿರಿ, ಯಾರೊಡನೆ ಉಂಡಿರಿ? ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕುಳಿತಿದ್ದವರ ಹೆಸರು ನೆನಪಿಗೆ ಬಂದೀತು. ಬಸ್ಸಿನಲ್ಲಿ ಅರ್ಧ ಗಂಟೆ ಮಗ್ಗುಲಲ್ಲೇ ಕುಳಿತು ಇಳಿದುಹೋದವರ ಹೆಸರು ಯಾರಿಗೆ ಗೊತ್ತು? ಅಲ್ಲದೆ, ಕೋವಿಡ್ ರೋಗಲಕ್ಷಣ ಕಾಣಿಸಿಕೊಳ್ಳುವ ಮುನ್ನವೇ ಹರಡಬಲ್ಲ ರೋಗ. ಪುಸ್ತಕದ ವಿಚಾರಣೆ ಮುಗಿಯುವಷ್ಟರಲ್ಲಿ ಅದು ಮುಂದಿನ ಬೀದಿಯನ್ನು ಸೇರಿರುತ್ತಿತ್ತು. 2020ರ ಮಾರ್ಚ್ ಕೊನೆಯಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫ್ ಫ್ರೇಸರ್ ಮತ್ತು ಅವರ ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದ ತಿರುಳು ಇದೇ: ಸುದ್ದಿ ತಕ್ಷಣ ಮುಟ್ಟಬೇಕು, ಅದಕ್ಕೆ ಫೋನೇ ತಕ್ಕ ಸಾಧನ.

ಫೋನಿನೊಳಗೆ ಬ್ಲೂಟೂತ್ ಎಂಬ ಕಿರು ರೇಡಿಯೋ ಇದೆ. ಕಿವಿಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನಿಗೆ ಹಾಡನ್ನು ಮುಟ್ಟಿಸುವುದು ಅದೇ. ಪ್ರತಿ ಫೋನೂ ಈ ರೇಡಿಯೋ ಮೂಲಕ ಕ್ಷಣಕ್ಷಣಕ್ಕೂ ಒಂದು ಗುಪ್ತಸಂಖ್ಯೆಯನ್ನು ಪಿಸುಗುಟ್ಟುತ್ತಿರಬೇಕು. ಹತ್ತಿರದ ಫೋನುಗಳು ಅದನ್ನು ಆಲಿಸಿ ಬರೆದಿಟ್ಟುಕೊಳ್ಳಬೇಕು. ದನಿ ಜೋರಾಗಿ ಕೇಳಿದರೆ ಸನಿಹ, ಕ್ಷೀಣವಾದರೆ ದೂರ. ಆ ಸಂಖ್ಯೆ ಆಗಾಗ ಬದಲಾಗುವುದರಿಂದ ದಾರಿಹೋಕರಿಗೆ ಅದರ ಒಡೆಯನ ಗುರುತು ಹತ್ತುವುದಿಲ್ಲ. ಮುಂದೆ ಯಾರಿಗಾದರೂ ಸೋಂಕು ಖಚಿತವಾದರೆ, ಅವರ ಫೋನಿನ ಪಿಸುಮಾತನ್ನು ಕೇಳಿಸಿಕೊಂಡಿದ್ದ ಫೋನುಗಳೆಲ್ಲ ತಮ್ಮ ಒಡೆಯರನ್ನು ಎಚ್ಚರಿಸುತ್ತವೆ.

ಹೇಳುವುದು ಸುಲಭ. ಮನುಷ್ಯನ ಮೈಯಲ್ಲಿರುವ ನೀರು ಈ ಅಲೆಗಳನ್ನು ಹೀರಿಬಿಡುತ್ತದೆ. ಪ್ಯಾಂಟಿನ ಹಿಂಜೇಬಿನಲ್ಲಿರುವ ಫೋನು ಎದುರಿಗಿರುವವರಿಗೆ ಬಹುದೂರದಲ್ಲಿರುವಂತೆ ತೋರುತ್ತದೆ. ಲೋಹದ ಗೋಡೆಗಳಿಗೆ ತಾಗಿದರೆ ಅಲೆಗಳು ಪುಟಿಯುತ್ತವೆ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಸಂಶೋಧಕರು ಟ್ರಾಮ್ ಗಾಡಿಯೊಳಗೆ ಅಳೆದು ನೋಡಿದಾಗ, ಫೋನುಗಳ ನಡುವಣ ದೂರ ಹೆಚ್ಚಿದರೂ ದನಿ ಕುಗ್ಗದಿದ್ದುದು ಕಂಡುಬಂತು. ಸಾಲದುದಕ್ಕೆ ಒಂದೊಂದು ಮಾದರಿಯ ಫೋನಿನ ಗಂಟಲೂ ಒಂದೊಂದು ಬಗೆ. ಯಾವ ಮಾದರಿ ಎಷ್ಟು ಜೋರಾಗಿ ಪಿಸುಗುಟ್ಟುತ್ತದೆ, ಎಷ್ಟು ಚುರುಕಾಗಿ ಕೇಳಿಸಿಕೊಳ್ಳುತ್ತದೆ ಎಂಬುದನ್ನು ಸರಿತೂಗಿಸಲು ದೊಡ್ಡದೊಂದು ಪಟ್ಟಿಯನ್ನೇ ಸಿದ್ಧಪಡಿಸಬೇಕಾಯಿತು.

ವಠಾರದ ಕಟ್ಟಳೆ

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಉಳಿಯಿತು. ಫೋನು ಜೇಬಿನಲ್ಲಿದ್ದಾಗ, ಪರದೆ ಆರಿದ್ದಾಗ, ಆಪ್ ಎಚ್ಚರವಾಗಿರುತ್ತದೆಯೇ?

ಹಳೆಯ ವಠಾರಗಳಲ್ಲಿ ವಾಸಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾತ್ರಿ ಹತ್ತಕ್ಕೆ ಮಾಲೀಕರು ಮುಖ್ಯದ್ವಾರಕ್ಕೆ ಬೀಗ ಜಡಿಯುತ್ತಾರೆ, ನಡುಮನೆಯ ದೀಪ ಆರಿಸುತ್ತಾರೆ. ಬಾಡಿಗೆದಾರ ಎಷ್ಟೇ ಸಂಭಾವಿತನಾಗಿರಲಿ, ರಾತ್ರಿಪಾಳಿಯ ಕೆಲಸವಿರಲಿ, ಕಟ್ಟಳೆ ಕಟ್ಟಳೆಯೇ. ಐಫೋನಿನ ಮನೆಯಲ್ಲಿಯೂ ಅಷ್ಟೇ. ಪರದೆಯ ಮೇಲಿಂದ ಸರಿದ ಆಪನ್ನು ಆಪಲ್‌ನ ವ್ಯವಸ್ಥೆ ಸ್ವಲ್ಪ ಹೊತ್ತಿನಲ್ಲೇ ಮಲಗಿಸಿಬಿಡುತ್ತದೆ. ಮಲಗಿದ ಆಪ್ ಬ್ಲೂಟೂತಿನಲ್ಲಿ ಸ್ವತಂತ್ರವಾಗಿ ಪಿಸುಗುಟ್ಟುವಂತಿಲ್ಲ. ಈ ಕಟ್ಟಳೆ ದುಷ್ಟತನದ್ದೆಂದು ಯಾರೂ ಭಾವಿಸಬೇಕಾಗಿಲ್ಲ. ಪ್ರತಿಯೊಂದು ಆಪೂ ಸದಾ ಎಚ್ಚರವಿದ್ದು ರೇಡಿಯೋ ಬಳಸತೊಡಗಿದರೆ ಮಧ್ಯಾಹ್ನದೊಳಗೆ ಬ್ಯಾಟರಿ ಬರಿದಾಗುತ್ತದೆ. ಯಾರು ಎಲ್ಲಿ ಸುಳಿದಾಡಿದರೆಂಬುದನ್ನು ಜಾಹೀರಾತಿನವರು ಕದ್ದು ಬರೆದುಕೊಳ್ಳುತ್ತಾರೆ. ಬಳಸುವವರ ಹಿತಕ್ಕಾಗಿಯೇ ಹಾಕಿದ ಬೀಗ, ಬಳಸುವವರ ಪ್ರಾಣ ಕಾಯಬೇಕಾದ ಗಳಿಗೆಯಲ್ಲಿ ಅಡ್ಡವಾಯಿತು.

ಈ ಬೀಗಕ್ಕೆ ಮೊದಲು ಹಣೆ ತಾಗಿಸಿಕೊಂಡದ್ದು ಸಿಂಗಪುರ. 2020ರ ಮಾರ್ಚ್ 20ರಂದು ಅಲ್ಲಿ ‘ಟ್ರೇಸ್‌ಟುಗೆದರ್’ ಆಪ್ ಹೊರಬಂತು. ಐಫೋನ್ ಇದ್ದವರು ಆಪನ್ನು ಪರದೆಯ ಮೇಲೆ ತೆರೆದೇ ಇಟ್ಟಿರಬೇಕಾಗಿತ್ತು! ಫೋನನ್ನು ಬೋರಲು ಹಾಕಿದರೆ ಪರದೆ ಮಂಕಾಗುವಂತೆ ಒಂದು ಉಪಾಯವನ್ನೂ ಅದರಲ್ಲಿ ಅಳವಡಿಸಿದ್ದರು. ಸಂತೆಗೆ ಹೋಗುವಾಗ ಫೋನು ಬೋರಲು ಹಿಡಿದು ನಡೆಯುವವರು ಎಷ್ಟು ಮಂದಿ? ಕಡೆಗೆ ಆ ದೇಶ ಕೊರಳಿಗೆ ಹಾಕಿಕೊಳ್ಳಬಹುದಾದ ಪ್ರತ್ಯೇಕ ಬಿಲ್ಲೆಗಳನ್ನೂ ಜನರಿಗೆ ಹಂಚಿತು.

ಬ್ರಿಟನ್ನಿನ ಎಂಜಿನಿಯರುಗಳು ಸಿಂಗಪುರದವರಿಗಿಂತ ಜಾಣ ದಾರಿಯೊಂದನ್ನು ಹುಡುಕಿದರು. ಮಲಗಿರುವ ಆಪ್ ತಾನಾಗಿ ಏಳಲಾರದು, ನಿಜ. ಆದರೆ ನೆರೆಯ ಫೋನು ಬಾಗಿಲು ತಟ್ಟಿದರೆ ಒಂದು ಕ್ಷಣ ಎಚ್ಚರಗೊಳ್ಳಬಲ್ಲದು. ಹಾಗಾದರೆ ಫೋನುಗಳು ಒಂದನ್ನೊಂದು ಆಗಾಗ ತಟ್ಟುತ್ತಲೇ ಇರಲಿ! ಪಕ್ಕದಲ್ಲಿ ಆಂಡ್ರಾಯ್ಡ್ ಫೋನಿದ್ದರೆ ಈ ಯುಕ್ತಿ ನಡೆಯುತ್ತಿತ್ತು. ಎರಡೂ ಐಫೋನೇ ಆಗಿ, ಎರಡೂ ನಿದ್ದೆಹೋದರೆ ತಟ್ಟುವವರು ಯಾರು? ಫೋನುಗಳು ಅರ್ಧಕ್ಕರ್ಧ ಹಂಚಿಹೋಗಿರುವ ದೇಶದಲ್ಲಿ ನಾಲ್ಕು ಭೇಟಿಗಳಿಗೊಂದು ಭೇಟಿ ಎರಡು ಐಫೋನುಗಳ ನಡುವಿನದೇ ಆಗಿರುತ್ತದೆ.

ಮೇ ತಿಂಗಳ ಮೊದಲ ವಾರ ವೈಟ್ ದ್ವೀಪದಲ್ಲಿ ಪ್ರಯೋಗ ಆರಂಭವಾಯಿತು. ಇಂಗ್ಲೆಂಡಿನ ದಕ್ಷಿಣ ಕಡಲಲ್ಲಿ ಸುಮಾರು 1 ಲಕ್ಷ 40 ಸಾವಿರ ಜನರಿರುವ ದ್ವೀಪ ಅದು. ದೋಣಿಯಲ್ಲಿ ಬಂದುಹೋಗಬೇಕಾದ್ದರಿಂದ ಪರೀಕ್ಷೆಗೆ ಹೇಳಿಮಾಡಿಸಿದ ಜಾಗ. ಪ್ರಯೋಗಶಾಲೆಯಲ್ಲಿ ಸೊಗಸಾಗಿ ನಡೆದಿದ್ದ ಯುಕ್ತಿ ಜನರ ಜೇಬಿಗೆ ಇಳಿದಾಗ ಹೊರಬಿದ್ದದ್ದೇ ಮೇಲೆ ಹೇಳಿದ 75 ಮತ್ತು 4.

ಯಜಮಾನರೇ ಕೈಜೋಡಿಸಿದಾಗ

ಇತ್ತ ಏಪ್ರಿಲ್ 10ರಂದೇ ಒಂದು ಅಪರೂಪದ ಘಟನೆ ನಡೆದಿತ್ತು. ಹಾವು ಮುಂಗುಸಿಗಳೆನಿಸಿಕೊಂಡ ಆಪಲ್ ಮತ್ತು ಗೂಗಲ್ ಕಂಪನಿಗಳು ಕೂಡಿ ಒಂದು ವ್ಯವಸ್ಥೆಯನ್ನು ರಚಿಸುವುದಾಗಿ ಸಾರಿದವು. ಪಿಸುಗುಟ್ಟುವ, ಆಲಿಸುವ ಕೆಲಸವನ್ನು ಆಪಿಗೆ ಬಿಡದೆ ಫೋನಿನ ಅಂತರಾಳವೇ ಮಾಡುತ್ತದೆ; ಆದ್ದರಿಂದ ಮಲಗಿಸುವ ಪ್ರಶ್ನೆಯೇ ಇಲ್ಲ. ಎರಡು ಬಗೆಯ ಫೋನುಗಳೂ ಒಂದರ ಮಾತನ್ನು ಇನ್ನೊಂದು ಅರಿಯುತ್ತವೆ. ಮೇ 20ರಂದು ಅದು ಬಳಕೆಗೆ ಸಿದ್ಧವಾಯಿತು.

ಆದರೆ ಮಾಲೀಕರು ಕೊಟ್ಟ ಬೀಗದ ಕೈಗೆ ಮಾಲೀಕರದೇ ಷರತ್ತುಗಳು. ಒಂದು ದೇಶಕ್ಕೆ ಒಂದೇ ಆಪ್. ಜನರಿರುವ ಸ್ಥಳದ ಮಾಹಿತಿಯನ್ನು ಅದು ಕೂಡಿಹಾಕುವಂತಿಲ್ಲ. ಯಾರ ಫೋನು ಯಾರನ್ನು ಕೇಳಿಸಿಕೊಂಡಿತೆಂಬ ಪಟ್ಟಿ ಆಯಾ ಫೋನಿನಲ್ಲೇ ಉಳಿಯಬೇಕು, ಸರ್ಕಾರದ ಸರ್ವರಿಗೆ ಹೋಗಕೂಡದು. ಬ್ರಿಟಿಷ್ ಆರೋಗ್ಯ ಇಲಾಖೆಗೆ ಒಪ್ಪಿಗೆಯಾಗದೆ ಇದ್ದುದು ಈ ಕೊನೆಯ ಮಾತು. ಪಟ್ಟಿ ಒಂದೆಡೆ ಸೇರಿದರೆ ರೋಗ ಹೇಗೆ ಹಬ್ಬುತ್ತಿದೆ, ಎಲ್ಲಿ ಗಂಟುಕಟ್ಟಿದೆ ಎಂಬುದು ತಜ್ಞರಿಗೆ ತಿಳಿಯುತ್ತದೆಂದು ಅವರ ವಾದ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಅಂಥ ಪಟ್ಟಿ ಒಮ್ಮೆ ಸರ್ಕಾರದ ಕೈಸೇರಿದರೆ ನಾಳೆ ಯಾವುದಕ್ಕೆ ಬಳಕೆಯಾದೀತೋ ಎಂಬ ಎದುರುವಾದದಲ್ಲಿಯೂ ಹುರುಳಿತ್ತು. ಚುನಾಯಿತ ಸರ್ಕಾರವೊಂದರ ಆರೋಗ್ಯನೀತಿಯನ್ನು ಕ್ಯಾಲಿಫೋರ್ನಿಯಾದ ಎರಡು ಕಂಪನಿಗಳು ತಿದ್ದಬಹುದೇ ಎಂಬುದು ಮಾತ್ರ ಇಂದಿಗೂ ಇತ್ಯರ್ಥವಾಗದ ಪ್ರಶ್ನೆ.

ಜರ್ಮನಿ ಏಪ್ರಿಲ್ 26ರಂದೇ ಹಟ ಬಿಟ್ಟು ಕಂಪನಿಗಳ ದಾರಿಗೆ ಬಂತು. ಜೂನ್ 16ರಂದು ಅದರ ‘ಕೊರೋನಾ ವಾರ್ನ್’ ಆಪ್ ಬಿಡುಗಡೆಯಾಯಿತು. ಸರಿಯಾಗಿ ಎರಡು ದಿನಗಳ ತರುವಾಯ ಲಂಡನ್ನಿನಲ್ಲಿ ಸೋಲಿನ ಪ್ರಕಟಣೆ. ಹೊಸ ವ್ಯವಸ್ಥೆ ಎರಡು ಬಗೆಯ ಫೋನುಗಳಲ್ಲೂ ನೂರಕ್ಕೆ 99ನ್ನು ಗುರುತಿಸುತ್ತದೆಂದು ಬ್ರಿಟಿಷರ ಪರೀಕ್ಷೆಯೇ ಹೇಳಿತು. ದೂರವನ್ನು ಅಳೆಯುವುದರಲ್ಲಿ ಮಾತ್ರ ಅದು ತಮ್ಮ ಹಳೆಯ ಆಪಿನಷ್ಟು ನಿಖರವಲ್ಲ ಎಂಬುದು ಅಂದಿನ ಆರೋಗ್ಯ ಸಚಿವ ಮ್ಯಾಟ್ ಹ್ಯಾನ್‌ಕಾಕ್ ಅವರ ದೂರು. ಒಂದಕ್ಕೆ ಕಿವಿ ಚುರುಕು, ಅಳತೆಗೋಲು ಸೊಟ್ಟ. ಇನ್ನೊಂದಕ್ಕೆ ಅಳತೆಗೋಲು ನೆಟ್ಟಗೆ, ಕಿವಿಯೇ ಮಂದ. ಕೇಳಿಸದ ದನಿಯನ್ನು ಅಳೆಯುವುದು ಸಾಧ್ಯವಿಲ್ಲವಾದ್ದರಿಂದ ಆಯ್ಕೆ ಕಷ್ಟವಾಗಲಿಲ್ಲ.

ಒಂದೇ ಅಡುಗೆ, ಎರಡು ಒಲೆ

ಇಲ್ಲಿ ಸ್ವಲ್ಪ ನಿಂತು, ಇಂಥ ಆಪ್ ಕಟ್ಟುವ ಕೆಲಸ ಹೇಗೆ ನಡೆಯುತ್ತದೆಂಬುದನ್ನು ನೋಡಬಹುದು. ಆಂಡ್ರಾಯ್ಡ್ ಆಪನ್ನು ಸಾಮಾನ್ಯವಾಗಿ ಕಾಟ್ಲಿನ್ ಎಂಬ ಭಾಷೆಯಲ್ಲಿ ಬರೆಯುತ್ತಾರೆ; ಐಫೋನಿನದನ್ನು ಸ್ವಿಫ್ಟ್ ಎಂಬ ಭಾಷೆಯಲ್ಲಿ. ಒಂದರ ಬರಹ ಇನ್ನೊಂದಕ್ಕೆ ಉಪಯೋಗವಿಲ್ಲ. ಆದ್ದರಿಂದ ಎರಡು ತಂಡಗಳು, ಎರಡು ಬರಹಗಳು, ಎರಡು ಪರೀಕ್ಷೆಗಳು. ಒಂದೇ ಸಾರನ್ನು ಎರಡು ಅಡುಗೆಮನೆಗಳಲ್ಲಿ ಇಬ್ಬರು ಬಾಣಸಿಗರು ಕುದಿಸಿದಂತೆ. ಉಪ್ಪು ಹುಳಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಕೂಡದು. ಸೋಂಕಿನ ಅಪಾಯವನ್ನು ಎಣಿಸುವ ಲೆಕ್ಕ ಒಂದು ಫೋನಿನಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಮತ್ತೊಂದು ಬಗೆಯಾದರೆ, ಒಂದೇ ಮೇಜಿನಲ್ಲಿ ಕುಳಿತ ಗಂಡನಿಗೆ ಎಚ್ಚರಿಕೆ ಬಂದು ಹೆಂಡತಿಗೆ ಬಾರದೆ ಹೋಗುತ್ತದೆ.

ಒಮ್ಮೆಯೇ ಬರೆದು ಎರಡೂ ಕಡೆ ಓಡಿಸುವ ಆಸೆ ಯಾರಿಗಿಲ್ಲ? ಫೇಸ್‌ಬುಕ್ ಕಂಪನಿ ಹಿಂದೆ ವೆಬ್‌ಪುಟಗಳ ಭಾಷೆಯಲ್ಲೇ ತನ್ನ ಆಪನ್ನು ಬರೆದು ಎರಡೂ ಫೋನುಗಳಿಗೆ ತೊಡಿಸಲು ಹೋಗಿ, ಅದು ಆಮೆಯ ನಡಿಗೆಯಾಗಲು, 2012ರಲ್ಲಿ ಐಫೋನಿಗೆ ಬೇರೆಯಾಗಿಯೇ ಬರೆಯಿತು. ಆ ಪಂಥ ಕಂಪನಿಯ ಅತಿದೊಡ್ಡ ತಪ್ಪೆಂದು ಮಾರ್ಕ್ ಜುಕರ್‌ಬರ್ಗ್ ಬಹಿರಂಗವಾಗಿಯೇ ಒಪ್ಪಿಕೊಂಡರು. ಅದೇ ಕಂಪನಿ 2015ರಲ್ಲಿ ‘ರಿಯಾಕ್ಟ್ ನೇಟಿವ್’ ಎಂಬ ಹೊಸ ಉಪಾಯವನ್ನು ತಂದು, ಒಮ್ಮೆ ಬರೆದದ್ದರ ಬಹುಭಾಗ ಎರಡೂ ಕಡೆ ನಡೆಯುವಂತೆ ಮಾಡಿತು. ಪ್ರವಾಸಿಗರಿಗೆ ಬಿಡಾರ ಒದಗಿಸುವ ಏರ್‌ಬಿಎನ್‌ಬಿ 2016ರಲ್ಲಿ ಅದನ್ನು ಅಪ್ಪಿಕೊಂಡು, 2018ರಲ್ಲಿ ಬಿಟ್ಟೂ ಬಿಟ್ಟಿತು. ಎರಡು ಭಾಷೆಗಳ ಬದಲು ಒಂದಾಗುವುದೆಂದು ನಂಬಿದ್ದಲ್ಲಿ ಮೂರು ಭಾಷೆಗಳನ್ನು ಸಾಕುವಂತಾಯಿತೆಂಬುದು ಇಂಥ ಕಡೆಗಳಲ್ಲಿ ಎಂಜಿನಿಯರುಗಳು ಹೇಳುವ ಮಾತು.

ಹಾಗೆಂದು ಆ ಉಪಾಯ ಎಲ್ಲೆಡೆ ಕೈಕೊಡಲಿಲ್ಲ. ಐರ್ಲೆಂಡ್ ತನ್ನ ಕೋವಿಡ್ ಆಪನ್ನು ಅದರಲ್ಲೇ ಕಟ್ಟಿ 2020ರ ಜುಲೈ 7ರಂದು ಹೊರತಂದಿತು; 50 ಲಕ್ಷದಷ್ಟು ಜನರಿರುವ ನಾಡಿನಲ್ಲಿ ಒಂದೆರಡು ದಿನಗಳಲ್ಲೇ 10 ಲಕ್ಷ ಮಂದಿ ಅದನ್ನು ಪಡೆದುಕೊಂಡರು. ಪುಟಗಳೂ ಗುಂಡಿಗಳೂ ಒಂದೇ ಬರಹ. ಫೋನಿನ ಅಂತರಾಳದ ಕದ ತಟ್ಟುವ ಭಾಗವನ್ನು ಮಾತ್ರ ಎರಡು ಸಲ ಬರೆಯಲೇಬೇಕಾಯಿತು. ಆ ಬರಹವನ್ನು ಐರಿಷ್ ಸರ್ಕಾರ ಲೋಕಕ್ಕೆ ಧಾರೆಯೆರೆದುದರಿಂದ ಅಮೆರಿಕದ ನ್ಯೂಯಾರ್ಕ್, ನ್ಯೂಜೆರ್ಸಿ ಮುಂತಾದ ರಾಜ್ಯಗಳೂ ಅದರ ಮೇಲೆಯೇ ತಮ್ಮ ಆಪ್‌ಗಳನ್ನು ಕಟ್ಟಿಕೊಂಡವು. ಸಣ್ಣ ತಂಡ, ಕಡಿಮೆ ಕಾಲ, ಸರಳ ಆಪ್ ಎಂದರೆ ಒಂದೇ ಬರಹ ಸಾಕು. ಆಪ್ ಫೋನಿನ ಒಡಲಿನೊಡನೆ ಹೆಚ್ಚುಹೆಚ್ಚು ಸೆಣಸಬೇಕಾದಷ್ಟೂ ಎರಡು ಬರಹಗಳತ್ತ ವಾಲಬೇಕಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸಿನ ಹೊಸ ಆಪಿಗೆ ಎರಡು ಪ್ರತ್ಯೇಕ ಬರಹಗಳ ದಾರಿಯನ್ನೇ ಹಿಡಿಯಲಾಯಿತು.

ಯಾರೋ ಮಾಡಿದ್ದು, ಯಾರಿಗೋ ಬಯ್ಗುಳ

ಆಗಸ್ಟ್ ಆರಂಭದ ಒಂದು ವಾರಾಂತ್ಯ. ಐರ್ಲೆಂಡಿನಲ್ಲಿ ಆಂಡ್ರಾಯ್ಡ್ ಫೋನುಗಳು ಬಿಸಿಯಾಗತೊಡಗಿದವು. ಬೆಳಗ್ಗೆ ತುಂಬಿದ್ದ ಬ್ಯಾಟರಿ ನೋಡನೋಡುತ್ತಿದ್ದಂತೆ ಬರಿದಾಗತೊಡಗಿತು. ಕೋವಿಡ್ ಆಪಿನದೇ ದೋಷವೆಂದು ಬಗೆದು ಸಹಸ್ರಾರು ಜನ ಅದನ್ನು ಕಿತ್ತುಹಾಕಿದರು. ಆಪಿನ ತಂಡ ಆ ದಿನಗಳಲ್ಲಿ ಒಂದಕ್ಷರವನ್ನೂ ಬದಲಿಸಿರಲಿಲ್ಲ. ಬದಲಾಗಿದ್ದುದು ಗೂಗಲ್ ತನ್ನ ಪಾಡಿಗೆ ತಾನು ಫೋನುಗಳಿಗೆ ಕಳುಹಿಸಿದ್ದ ಒಂದು ಅಪ್‌ಡೇಟ್. ಗೂಗಲ್ ಅದನ್ನು ಸರಿಪಡಿಸಿತು. ಕಿತ್ತುಹಾಕಿದವರೆಲ್ಲ ಮರಳಿ ಬಂದರೆ?

ಜರ್ಮನಿಯಲ್ಲಿ ಇನ್ನೊಂದು ಬಗೆಯ ಅವಾಂತರ. ಆಂಡ್ರಾಯ್ಡ್ ಎಂಬುದು ಹೆಸರಿಗೆ ಒಂದು ಮನೆ. ಒಳಹೊಕ್ಕರೆ ಸ್ಯಾಮ್‌ಸಂಗ್, ಹ್ವಾವೆ ಎಂದು ಒಂದೊಂದು ಕಂಪನಿಗೂ ಒಂದೊಂದು ಹಿಸ್ಸೆ, ಒಂದೊಂದು ಒಳಕಟ್ಟಳೆ. ಕೆಲವು ಫೋನುಗಳ ವಿದ್ಯುತ್ ಉಳಿತಾಯದ ಏರ್ಪಾಡು ಕೋವಿಡ್ ಆಪನ್ನೂ ದುಂದುಗಾರನೆಂದು ಬಗೆದು ಮಲಗಿಸಿಬಿಟ್ಟಿತ್ತು. ವಾರಗಟ್ಟಲೆ ಆ ಫೋನುಗಳು ಹೊಸ ಸೋಂಕಿನ ಪಟ್ಟಿಯನ್ನು ತಾವಾಗಿ ತರಿಸಿಕೊಳ್ಳಲೇ ಇಲ್ಲವೆಂಬುದು ಜುಲೈ ಕೊನೆಯಲ್ಲಿ ಪತ್ರಿಕೆಗಳ ಮೂಲಕ ಬಯಲಾಯಿತು. ಆಪ್ ಫೋನಿನಲ್ಲಿದೆ, ಹಸಿರು ಬಣ್ಣ ತೋರಿಸುತ್ತಿದೆ, ಒಳಗೆ ಮಾತ್ರ ಉಸಿರಿಲ್ಲ. ಕೆಲಸ ನಿಲ್ಲಿಸಿದ ಯಂತ್ರಕ್ಕಿಂತ, ಕೆಲಸ ಮಾಡುತ್ತಿರುವಂತೆ ನಟಿಸುವ ಯಂತ್ರವೇ ಹೆಚ್ಚು ಅಪಾಯಕಾರಿ.

ಭಾರತದ ಕಥೆ ಇವೆಲ್ಲಕ್ಕಿಂತ ಭಿನ್ನ. 2020ರ ಏಪ್ರಿಲ್ 2ರಂದು ಬಿಡುಗಡೆಯಾದ ‘ಆರೋಗ್ಯ ಸೇತು’ ಹದಿಮೂರು ದಿನಗಳಲ್ಲಿ 5 ಕೋಟಿ ಫೋನುಗಳನ್ನು ಸೇರಿತು. ಬ್ಲೂಟೂತಿನ ಜೊತೆಗೆ ಸ್ಥಳದ ಮಾಹಿತಿಯನ್ನೂ ಬಳಸುವ ಸ್ವಂತ ಹಾದಿಯನ್ನು ಅದು ಹಿಡಿದಿತ್ತು. ಕಂಪನಿಗಳ ವ್ಯವಸ್ಥೆಯನ್ನು ಆಶ್ರಯಿಸಲಿಲ್ಲ. ಬ್ರಿಟನ್ನನ್ನು ಕಾಡಿದ ಐಫೋನಿನ ಬೀಗ ಇಲ್ಲಿಯೂ ಇತ್ತು. ಆದರೆ ಅದರ ಬಳಕೆದಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿ ಆಂಡ್ರಾಯ್ಡಿನವರೆಂದು, ಮೇ 26ರಂದು ಆಂಡ್ರಾಯ್ಡ್ ಬರಹವನ್ನು ಬಹಿರಂಗಪಡಿಸುವಾಗ ಸರ್ಕಾರ ತಿಳಿಸಿತು. ಅಲ್ಲಿ ಅರ್ಧ ರಾಷ್ಟ್ರದ ಸಮಸ್ಯೆಯಾಗಿದ್ದುದು ಇಲ್ಲಿ ನೂರರಲ್ಲಿ ಇಬ್ಬರದಾಯಿತು. ಇಲ್ಲಿನ ನಿಜವಾದ ಕಂದರ ಆಂಡ್ರಾಯ್ಡಿಗೂ ಐಫೋನಿಗೂ ನಡುವಿನದಾಗಿರದೆ, ಸ್ಮಾರ್ಟ್‌ಫೋನ್ ಇದ್ದವರಿಗೂ ಗುಂಡಿ ಒತ್ತುವ ಸಾದಾ ಫೋನಿನವರಿಗೂ ನಡುವಿನದಾಗಿತ್ತು. ಜಿಯೋಫೋನಿಗೆಂದು ಬೇರೊಂದು ಆಪನ್ನು ಮೇ ತಿಂಗಳಲ್ಲಿ ತರಲಾಯಿತು. ಅದೂ ಇಲ್ಲದವರು 1921 ಎಂಬ ಸಂಖ್ಯೆಗೆ ಮಿಸ್ಡ್ ಕಾಲ್ ಕೊಟ್ಟರೆ, ಮರಳಿ ಕರೆ ಬಂದು ಆರೋಗ್ಯ ವಿಚಾರಿಸುವ ಏರ್ಪಾಡಾಯಿತು.

ಹೊಸ ಆಪಿನ ಹರ್ಷ, ಹೊಸ ಗೋಳು

ಸೆಪ್ಟೆಂಬರ್ 24ರಂದು ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಹೊಸ ಆಪ್ ಬಿಡುಗಡೆಯಾಯಿತು. ಕೆಲವೇ ದಿನಗಳಲ್ಲಿ 1 ಕೋಟಿಗೂ ಹೆಚ್ಚು ಫೋನುಗಳಿಗೆ ಇಳಿಯಿತು. ಹಿಂದೆಯೇ ದೂರುಗಳೂ ಬಂದವು. ಕಂಪನಿಗಳ ವ್ಯವಸ್ಥೆ ಹೊಸ ಫೋನುಗಳಲ್ಲಿ ಮಾತ್ರ ಇತ್ತು: ಆಂಡ್ರಾಯ್ಡ್ ಆದರೆ ಆರನೆಯ ಆವೃತ್ತಿ ಬೇಕು, ಐಫೋನ್ ಆದರೆ 13.5 ಎಂಬ ಆವೃತ್ತಿ ಬೇಕು. ‘ಐಫೋನ್ 6’ ಹೊಂದಿದ್ದವರಿಗೆ ಅದು ದೊರಕುತ್ತಲೇ ಇರಲಿಲ್ಲ. ಹಳೆಯ ಫೋನನ್ನೇ ಜೋಪಾನವಾಗಿ ಇಟ್ಟುಕೊಂಡಿರುವವರು ಸಾಮಾನ್ಯವಾಗಿ ಯಾರು? ವಯಸ್ಸಾದವರು, ಬಡವರು, ರೋಗಕ್ಕೆ ಹೆಚ್ಚು ಹೆದರಬೇಕಾದವರೂ ಅವರೇ. ಆ ವರ್ಷದ ಡಿಸೆಂಬರಿನಲ್ಲಿ ಆಪಲ್ ಹಳೆಯ ಐಫೋನುಗಳಿಗೂ ಈ ಸೌಕರ್ಯವನ್ನು ವಿಸ್ತರಿಸಿತು. ಹಾಗೆ ಹಿಂದಿನ ಮಾದರಿಗಳಿಗಾಗಿ ಹೊಸತೊಂದನ್ನು ಹೊಲಿದುಕೊಡುವುದು ಆ ಕಂಪನಿಯ ವಾಡಿಕೆಯಲ್ಲ.

ಒಬ್ಬೊಬ್ಬರು ಹೊರಗುಳಿದಾಗಲೂ ನಷ್ಟ ಇಮ್ಮಡಿ. ಇಬ್ಬರು ಭೇಟಿಯಾದರೆ ಇಬ್ಬರಲ್ಲೂ ಆಪ್ ಇರಬೇಕು, ಇಲ್ಲವಾದರೆ ಆ ಭೇಟಿ ದಾಖಲಾಗದು. ನೂರಕ್ಕೆ 28 ಮಂದಿ ಬಳಸಿದರೆ ನೂರು ಭೇಟಿಗಳಲ್ಲಿ ಸುಮಾರು 8 ಮಾತ್ರ ಸಿಕ್ಕುತ್ತವೆ. ಅರ್ಧ ಜನ ಬಳಸಿದರೆ ಅದು 25 ಆಗುತ್ತದೆ. ಈ ಗುಣಾಕಾರದ ಅರಿವಿದ್ದುದರಿಂದಲೇ ಎಂಜಿನಿಯರುಗಳು ಒಂದೊಂದು ಹಳೆಯ ಮಾದರಿಗಾಗಿಯೂ ಹೋರಾಡಿದರು.

ಅಕ್ಟೋಬರಿನಲ್ಲಿ ಇನ್ನೊಂದು ವಿಚಿತ್ರ. “ನೀವು ಸೋಂಕಿನವರ ಸನಿಹ ಇದ್ದಿರಬಹುದು” ಎಂಬರ್ಥದ ಸೂಚನೆ ಪರದೆಯ ಮೇಲೆ ಮೂಡುವುದು. ಗಾಬರಿಯಿಂದ ಬೆರಳು ತಾಗಿಸಿದರೆ ಮಾಯವಾಗುವುದು! ಆಪನ್ನು ತೆರೆದು ನೋಡಿದರೆ ಏನೂ ಇಲ್ಲ. ಆ ಸೂಚನೆಯನ್ನು ಕಳಿಸುತ್ತಿದ್ದುದು ಆಪ್ ಅಲ್ಲ, ಫೋನಿನ ಅಂತರಾಳದ ವ್ಯವಸ್ಥೆ. ದೂರವನ್ನೂ ಅವಧಿಯನ್ನೂ ತೂಗಿ ನೋಡಿದ ಆಪ್ ಅಪಾಯವಿಲ್ಲವೆಂದು ತೀರ್ಮಾನಿಸಿ ಸುಮ್ಮನಿರುತ್ತಿತ್ತು. ಯಜಮಾನ ಕೂಗಿದ, ಆಳು ಮೌನವಾದ. ನಡುವೆ ಮನೆಮಂದಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಮುಂದಿನ ಅಪ್‌ಡೇಟಿನಲ್ಲಿ, ಅಂಥ ಸೂಚನೆಯ ಬೆನ್ನಿಗೆ ಸಮಾಧಾನದ ಮಾತೊಂದನ್ನು ಆಪ್ ಹೇಳುವಂತೆ ಮಾಡಬೇಕಾಯಿತು.

ತಿದ್ದುಪಡಿಯನ್ನಾದರೂ ಕೂಡಲೇ ಎಲ್ಲರಿಗೂ ಮುಟ್ಟಿಸಬಹುದೆ? ಅದೂ ಇಲ್ಲ. ವೆಬ್‌ಪುಟವನ್ನು ತಿದ್ದಿದರೆ ಮರುಕ್ಷಣ ಎಲ್ಲರಿಗೂ ಹೊಸತು ಕಾಣುತ್ತದೆ. ಆಪ್ ಹಾಗಲ್ಲ, ಜನರ ಜೇಬಿಗೆ ಇಳಿದ ಮೇಲೆ ಅದನ್ನು ಹಿಂದಕ್ಕೆ ಕರೆಸುವ ದಾರಿಯಿಲ್ಲ. ತಿದ್ದಿದ್ದನ್ನು ಇಬ್ಬರು ಯಜಮಾನರ ಅಂಗಡಿಗೂ ಒಪ್ಪಿಸಬೇಕು. ಅವರು ಪರಿಶೀಲಿಸಿ ಅನುಮತಿ ಕೊಡಬೇಕು. ಆಮೇಲೂ ಜಾಣರು ಒಮ್ಮೆಗೇ ಎಲ್ಲರಿಗೂ ಹಂಚುವುದಿಲ್ಲ. ಆಪಲ್ ಅಂಗಡಿಯಲ್ಲಿ ಏಳು ದಿನಗಳ ಕ್ರಮವೊಂದಿದೆ: ಮೊದಲ ದಿನ ನೂರಕ್ಕೆ ಒಬ್ಬರಿಗೆ, ಮರುದಿನ ಇಬ್ಬರಿಗೆ, ಹೀಗೆ ಏರುತ್ತ ಏಳನೆಯ ದಿನ ಎಲ್ಲರಿಗೂ. ಅನ್ನ ಬೆಂದಿದೆಯೇ ಎಂದು ಅಗುಳು ಹಿಚುಕಿ ನೋಡುವ ಗೃಹಿಣಿಯ ಎಚ್ಚರವೇ ಇದು. ಸಾವಿರಕ್ಕೆ ಒಬ್ಬರನ್ನು ಕಾಡುವ ದೋಷ ನೂರು ಜನರ ಪರೀಕ್ಷೆಯಲ್ಲಿ ತಲೆಯೆತ್ತದೆಯೇ ಹೋಗಬಹುದು. 1 ಕೋಟಿ 65 ಲಕ್ಷ ಜನ ಬಳಸುವ ಆಪಿನಲ್ಲಿ ಅದೇ ದೋಷ 16,500 ಮನೆಗಳ ಗೋಳು.

ಅನುಮತಿಯ ಮಾತು ಬರಿಯ ಔಪಚಾರಿಕವಲ್ಲವೆಂಬುದು 2021ರ ಏಪ್ರಿಲಿನಲ್ಲಿ ತಿಳಿಯಿತು. ಹೋಟೆಲು, ಅಂಗಡಿಗಳ ಬಾಗಿಲಿನ ಸಂಕೇತವನ್ನು ಆಪಿನಿಂದ ಓದಿಸಿಕೊಂಡು ಒಳಹೋಗುವ ಪದ್ಧತಿ ಇಂಗ್ಲೆಂಡಿನಲ್ಲಿತ್ತು. ಸೋಂಕು ಖಚಿತವಾದವರು ತಾವು ಹೋಗಿದ್ದ ಕಡೆಗಳ ಪಟ್ಟಿಯನ್ನು ಇಚ್ಛೆಯಿದ್ದರೆ ಕಳುಹಿಸಬಹುದೆಂಬ ಹೊಸ ಏರ್ಪಾಡಿನೊಡನೆ ಅಪ್‌ಡೇಟ್ ಸಿದ್ಧವಾಯಿತು. ಸ್ಥಳದ ಮಾಹಿತಿ ಕೂಡದೆಂಬ ಹಳೆಯ ಷರತ್ತನ್ನು ಎತ್ತಿ ತೋರಿಸಿ ಎರಡೂ ಅಂಗಡಿಗಳು ಅದನ್ನು ತಡೆದವು. ಸರ್ಕಾರ ಹಳೆಯ ಆವೃತ್ತಿಯನ್ನೇ ಮುಂದುವರಿಸಿತು.

ಅದೇ ವರ್ಷದ ಜುಲೈಯಲ್ಲಿ ಆಪ್ ಅತಿಯಾಗಿ ಮಾತನಾಡುತ್ತಿದೆಯೆಂಬ ಕೂಗು ಎದ್ದಿತು. ಜುಲೈ 14ಕ್ಕೆ ಕೊನೆಗೊಂಡ ಒಂದೇ ವಾರದಲ್ಲಿ ಅದು 6,18,903 ಎಚ್ಚರಿಕೆಗಳನ್ನು ಕಳುಹಿಸಿತ್ತು. ಕೆಲಸಗಾರರಿಲ್ಲದೆ ಅಂಗಡಿಗಳಲ್ಲಿ ಸಾಮಾನು ಜೋಡಿಸುವವರಿಲ್ಲ. ಇದರಲ್ಲಿ ಆಪ್ ಕೆಟ್ಟಿರಲಿಲ್ಲ. ಸೋಂಕೇ ಹಾಗೆ ಹಬ್ಬಿತ್ತು. ರೋಗಲಕ್ಷಣವಿಲ್ಲದ ಸೋಂಕಿತರ ಹಿಂದಿನ ಐದು ದಿನಗಳ ಭೇಟಿಗಳನ್ನು ನೋಡುತ್ತಿದ್ದ ಆಪ್ ಇನ್ನು ಎರಡು ದಿನಗಳದನ್ನು ಮಾತ್ರ ನೋಡಲಿ ಎಂದು ಆಗಸ್ಟ್ 2ರಂದು ಬದಲಾಯಿಸಿದರು. ಬದಲಾದದ್ದು ಒಂದು ಅಂಕಿ. ಅದರಿಂದ ಮನೆಯಲ್ಲಿ ಉಳಿಯುವವರ, ಹೊರಗೆ ಬರುವವರ ಲೆಕ್ಕ ಲಕ್ಷಗಳಲ್ಲಿ ಏರುಪೇರಾಗುತ್ತಿತ್ತು.

ಇಷ್ಟೆಲ್ಲ ಪಾಡುಪಟ್ಟದ್ದಕ್ಕೆ ಫಲವೇನಾದರೂ ದೊರಕಿತೆ? ಕ್ರಿಸ್ಟೋಫ್ ಫ್ರೇಸರ್ ಅವರೂ ಸೇರಿದ್ದ ಆಕ್ಸ್‌ಫರ್ಡ್ ತಂಡ 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಲೆಕ್ಕ ಒಪ್ಪಿಸಿತು. ಮೊದಲ ಮೂರು ತಿಂಗಳಲ್ಲಿ 1 ಕೋಟಿ 65 ಲಕ್ಷ ಮಂದಿ ಆಪನ್ನು ನಿಯಮಿತವಾಗಿ ಬಳಸಿದರು. ಸುಮಾರು 17 ಲಕ್ಷ ಎಚ್ಚರಿಕೆಗಳು ಹೋದವು. ಲೆಕ್ಕಹಾಕುವ ವಿಧಾನಕ್ಕೆ ತಕ್ಕಂತೆ 2,84,000ದಿಂದ 5,94,000ದವರೆಗೆ ಸೋಂಕುಗಳು ತಪ್ಪಿದವು. 2023ರಲ್ಲಿ ಬಂದ ಮತ್ತೊಂದು ಅಧ್ಯಯನ ಇಡೀ ಮೊದಲ ವರ್ಷವನ್ನು ಗಣಿಸಿ, ಸುಮಾರು 10 ಲಕ್ಷ ಸೋಂಕುಗಳೂ 44,000 ಆಸ್ಪತ್ರೆವಾಸಗಳೂ 9,600 ಸಾವುಗಳೂ ತಪ್ಪಿರಬಹುದೆಂದು ಅಂದಾಜು ಮಾಡಿತು. ಇವು ಅಂದಾಜುಗಳೇ, ಬದುಕಿಕೊಂಡವರಿಗೆ ತಾವು ಬದುಕಿಕೊಂಡ ಸಂಗತಿ ತಿಳಿಯುವ ಬಗೆ ಇಲ್ಲ. ಅದಕ್ಕೇ ಇರಬೇಕು, ಆಪಿನ ಮೇಲಿನ ದೂರುಗಳಷ್ಟು ಅದರ ಫಲದ ಸುದ್ದಿ ಎಂದೂ ಹಬ್ಬಲಿಲ್ಲ.

ಆ ಆಪನ್ನು 2023ರ ಏಪ್ರಿಲ್ 27ರಂದು ಮುಚ್ಚಲಾಯಿತು. ಆಂಡ್ರಾಯ್ಡಿನದೊಂದು, ಐಫೋನಿನದೊಂದು ಎಂದು ಎರಡು ತಂಡಗಳು ಬರೆದಿದ್ದ ಎರಡು ಬರಹಗಳನ್ನೂ, ಯಾರು ಬೇಕಾದರೂ ಓದುವಂತೆ ಅಂತರ್ಜಾಲದಲ್ಲಿ ಮೊದಲೇ ಪ್ರಕಟಿಸಿಡಲಾಗಿತ್ತು.